ಗೋಡೆಯಿಲ್ಲದ ಶಿಶುವಿಹಾರ: ಜರ್ಮನಿಯಲ್ಲಿ ಮಗುವನ್ನು ಕಾಡಿಗೆ ಕಳಿಸುವ ಮುನ್ನ

"ಗೋಡೆ ಇಲ್ವಾ?"

ವಾಟ್ಸಾಪ್ ವಿಡಿಯೊದಲ್ಲಿ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ ಇದು. ಇಲ್ಲ ಎಂದೆ. "ಛಾವಣಿ?" ಒಂದು ಮರದ ಗಾಡಿ ಇದೆ, ಅದಕ್ಕಿದೆ ಎಂದೆ. "ಮಳೆ ಬಂದ್ರೆ?" ಮಳೆಯಲ್ಲೇ ಆಡ್ತಾರೆ ಎಂದೆ. ಆಮೇಲೆ ಎರಡು ವಾರ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಮ್ಮ ಮಗಳು ಮೂರು ವರ್ಷ ಸ್ಟುಟ್‌ಗಾರ್ಟ್ ಹತ್ತಿರದ ಒಂದು ವಾಲ್ಡ್‌ಕಿಂಡರ್‌ಗಾರ್ಟನ್‌ಗೆ ಹೋದಳು. ವಾಲ್ಡ್ ಎಂದರೆ ಕಾಡು. ಈಗ ಜರ್ಮನಿಗೆ ಹೊಸದಾಗಿ ಬಂದ ಕನ್ನಡದ ಮನೆಯವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅದಕ್ಕೇ ಇದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಪ್ರಕೃತಿಯ ಮಡಿಲು ಅಂತೆಲ್ಲ ಹೇಳುವವರು ಬೇರೆ ಇದ್ದಾರೆ. ನಾನು ಕಾಲುಚೀಲ, ಉಣುಗು (ಮೈಗೆ ಕಚ್ಚಿ ರಕ್ತ ಹೀರುವ ಪುಟ್ಟ ಹುಳು) ಮತ್ತು ನಿಮ್ಮ ಆಫೀಸಿನ ಟೈಮು, ಈ ಮೂರರ ಬಗ್ಗೆ ಜಾಸ್ತಿ ಹೇಳುತ್ತೇನೆ. ಇವು ಸರಿಯಾದರೆ ಮಗು ಆರಾಮಾಗಿರುತ್ತದೆ.

ಮೊದಲು, ಅಲ್ಲಿ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳಿ

ಕಿಂಡರ್‌ಗಾರ್ಟನ್ ಎಂಬ ಹೆಸರೇ ಜರ್ಮನಿಯದು. ಫ್ರೀಡ್ರಿಶ್ ಫ್ರೋಬೆಲ್ 1840ರಲ್ಲಿ ಇಟ್ಟ ಹೆಸರು, ಅರ್ಥ ಮಕ್ಕಳ ತೋಟ. ತೋಟದಿಂದ ಕಾಡಿಗೆ ಹೋಗುವ ಯೋಚನೆ ಬಂದಿದ್ದು ಡೆನ್ಮಾರ್ಕ್‌ನಿಂದ. ಅಲ್ಲಿ 1950ರ ದಶಕದಲ್ಲಿ ಎಲಾ ಫ್ಲಾಟೌ ಎಂಬ ತಾಯಿ ತನ್ನ ಮಕ್ಕಳ ಜೊತೆ ನೆರೆಯ ಮಕ್ಕಳನ್ನೂ ದಿನಾ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅದೇ ಬೆಳೆದು ಶಾಲೆಯಾಯಿತು. ಜರ್ಮನಿಯಲ್ಲಿ ಮೊದಲನೆಯದು ವೀಸ್‌ಬಾಡೆನ್‌ನಲ್ಲಿ 1968ರಲ್ಲಿ ಶುರುವಾಯಿತು. ಸರ್ಕಾರದ ಮಾನ್ಯತೆ ಸಿಕ್ಕಿದ್ದು ಮಾತ್ರ 1993ರಲ್ಲಿ, ಉತ್ತರದ ತುದಿಯ ಫ್ಲೆನ್ಸ್‌ಬುರ್ಗ್‌ನಲ್ಲಿ. ಇವತ್ತು ದೇಶದಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಹಾಗಾಗಿ ಇದು ಯಾರೋ ನಾಲ್ಕು ಜನರ ಹುಚ್ಚಾಟವಲ್ಲ. ಬೇರೆ ಕಿಂಡರ್‌ಗಾರ್ಟನ್‌ಗಳ ಹಾಗೆಯೇ ಲೈಸೆನ್ಸ್ ಇದೆ, ತರಬೇತಾದ ಟೀಚರುಗಳಿದ್ದಾರೆ, ಮಕ್ಕಳಿಗೆ ಸರ್ಕಾರಿ ಅಪಘಾತ ವಿಮೆಯೂ ಇದೆ.

ಸಾಮಾನ್ಯವಾಗಿ ಮೂರರಿಂದ ಆರು ವರ್ಷದ ಮಕ್ಕಳು ಹೋಗುತ್ತಾರೆ. ಒಂದು ಗುಂಪಿನಲ್ಲಿ ಸುಮಾರು ಇಪ್ಪತ್ತು ಮಕ್ಕಳು, ಎರಡು ಮೂರು ಟೀಚರುಗಳು. ಕಾಡಿನ ಅಂಚಿನಲ್ಲಿ ಬೌವಾಗನ್ ಎಂಬ ಮರದ ಗಾಡಿ ನಿಂತಿರುತ್ತದೆ. ಒಳಗೆ ಸೌದೆ ಒಲೆ, ಬೆಂಚು, ಒಣ ಬಟ್ಟೆ. ಬೆಳಿಗ್ಗೆ ಎಲ್ಲರೂ ಸುತ್ತ ನಿಂತು ಹಾಡು ಹೇಳಿ, ಯಾರು ಬಂದಿಲ್ಲ ಎಂದು ಎಣಿಸಿ, ಕೈಗಾಡಿ ಎಳೆದುಕೊಂಡು ಕಾಡಿನೊಳಗೆ ನಡೆಯುತ್ತಾರೆ. ಅಲ್ಲೇ ಆಟ, ತಿಂಡಿ, ಕಥೆ. ಆಟದ ಸಾಮಾನು ಕಡಿಮೆ. ಕೋಲು, ಕಲ್ಲು, ಕೆಸರು, ಹಗ್ಗ, ಇಷ್ಟೇ.

ನಿಮ್ಮ ಕೆಲಸದ ಗಂಟೆ ಎಣಿಸಿ

ಅರ್ಜಿ ಹಾಕುವ ಮೊದಲೇ ಇದನ್ನು ಮಾಡಿ. ಹೆಚ್ಚಿನ ವಾಲ್ಡ್‌ಕಿಂಡರ್‌ಗಾರ್ಟನ್‌ಗಳು ಬೆಳಿಗ್ಗೆ ಎಂಟರ ಹೊತ್ತಿಗೆ ಶುರುವಾಗಿ ಮಧ್ಯಾಹ್ನ ಒಂದು, ಎರಡಕ್ಕೆಲ್ಲ ಮುಗಿಯುತ್ತವೆ. ಇಬ್ಬರೂ ಪೂರ್ತಿ ದಿನ ಕೆಲಸ ಮಾಡುವವರಾದರೆ ಇಲ್ಲೇ ತೊಡಕು. ನಾನು ಆಗ ಅರ್ಧ ದಿನದ ಕೆಲಸದಲ್ಲಿದ್ದೆ, ನಡೆಯಿತು. ನನ್ನ ಗೆಳತಿಯೊಬ್ಬಳು ಆರು ತಿಂಗಳು ಒದ್ದಾಡಿ ಕೊನೆಗೆ ಮಗನನ್ನು ಮಾಮೂಲಿ ಕಿಟಾಗೆ, ಅಂದರೆ ಕಟ್ಟಡದ ಶಿಶುವಿಹಾರಕ್ಕೆ, ಸೇರಿಸಿದಳು. ಅದರಲ್ಲಿ ತಪ್ಪೇನಿಲ್ಲ. ಮೂರು ವರ್ಷ ತುಂಬಿದ ಮಗುವಿಗೆ ಕಿಂಡರ್‌ಗಾರ್ಟನ್‌ನಲ್ಲಿ ಜಾಗ ಸಿಗಬೇಕು ಎಂಬ ಕಾನೂನು 1996ರಿಂದ ಇದೆ, ಆದರೆ ಅದು ಕಾಡಿನಲ್ಲೇ ಸಿಗಬೇಕು ಎಂದೇನೂ ಅಲ್ಲ.

ಇನ್ನೊಂದು ಗಂಟೆ ಲೆಕ್ಕವೂ ಇದೆ. ಇವುಗಳಲ್ಲಿ ಬಹಳಷ್ಟನ್ನು ಅಪ್ಪ ಅಮ್ಮಂದಿರೇ ಸೇರಿ ಕಟ್ಟಿಕೊಂಡ ಸಂಘಗಳು ನಡೆಸುತ್ತವೆ. ಅಂಥ ಕಡೆ ಸೌದೆ ಒಡೆಯುವುದು, ಗಾಡಿ ತೊಳೆಯುವುದು, ಟೀಚರಿಗೆ ಹುಷಾರಿಲ್ಲದ ದಿನ ಜೊತೆಗೆ ನಿಲ್ಲುವುದು, ಎಲ್ಲಕ್ಕೂ ಪಾಳಿ ಬರುತ್ತದೆ. ವರ್ಷಕ್ಕೆ ಎಷ್ಟು ಗಂಟೆ, ಮಾಡದಿದ್ದರೆ ದುಡ್ಡು ಕಟ್ಟಬೇಕಾ, ಮೊದಲೇ ಕೇಳಿ. ಭಾಷೆ ಬರದವರಿಗೆ ಈ ಶನಿವಾರದ ಕೆಲಸಗಳೇ ಒಳ್ಳೆಯದು ಎಂದು ನನ್ನ ಅನಿಸಿಕೆ. ನಮ್ಮ ಮನೆಯವರು ಜರ್ಮನ್ ಕಲಿತಿದ್ದು ಕ್ಲಾಸಿಗಿಂತ ಜಾಸ್ತಿ ಸೌದೆ ಒಡೆಯುವಾಗ.

ಕಾಗದಪತ್ರದ ವಿಷಯ ಒಂದೇ ಮುಖ್ಯ: ದಡಾರದ ಲಸಿಕೆ. ಮಾರ್ಚ್ 2020ರಿಂದ ಈ ಲಸಿಕೆಯ ದಾಖಲೆ ತೋರಿಸದೆ ಯಾವ ಕಿಂಡರ್‌ಗಾರ್ಟನ್‌ಗೂ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಎರಡು ವರ್ಷ ದಾಟಿದ ಮಗುವಿಗೆ ಎರಡು ಡೋಸ್ ಆಗಿರಬೇಕು. ಊರಿನಲ್ಲಿ ಹಾಕಿಸಿದ್ದರೆ ಆ ಕಾರ್ಡನ್ನು ಸೂಟ್‌ಕೇಸಿನ ತಳಕ್ಕೆ ಹಾಕದೆ ಕೈಚೀಲದಲ್ಲೇ ತನ್ನಿ. ಇಲ್ಲಿನ ಮಕ್ಕಳ ಡಾಕ್ಟರಿಗೆ ತೋರಿಸಿ ಲಸಿಕೆಯ ಹಳದಿ ಪುಸ್ತಕದಲ್ಲಿ ಬರೆಸಿಕೊಳ್ಳಿ.

ನೋಡಲು ಹೋಗುವುದಾದರೆ ಕೆಟ್ಟ ದಿನ ಹೋಗಿ

ಶ್ನುಪ್ಪರ್‌ಟಾಗ್ ಎಂದರೆ ಮಗುವಿನ ಜೊತೆ ಹೋಗಿ ನೋಡಿ ಬರುವ ದಿನ. ಜೂನ್ ತಿಂಗಳ ಬಿಸಿಲಿನಲ್ಲಿ ಯಾವ ಕಾಡಾದರೂ ಚಂದವೇ. ನವೆಂಬರಿನಲ್ಲಿ, ಐದು ಡಿಗ್ರಿ, ಜಿಟಿಜಿಟಿ ಮಳೆ ಇರುವಾಗ ಹೋಗಿ. ಮಕ್ಕಳ ಮುಖ ನೋಡಿ. ಟೀಚರು ನಡುಗುವ ಮಗುವನ್ನು ಗಮನಿಸಿದರಾ, ಒದ್ದೆ ಗ್ಲೌಸ್ ಬದಲಾಯಿಸಿದರಾ ನೋಡಿ. ನಾನು ಹೋದ ದಿನ ಒಬ್ಬ ಹುಡುಗ ಗುಂಡಿಯಲ್ಲಿ ಬಿದ್ದು ಒದ್ದೆಯಾದ. ಟೀಚರು ಗಾಬರಿಯಾಗದೆ ಗಾಡಿಗೆ ಕರೆದುಕೊಂಡು ಹೋಗಿ, ಒಲೆಯ ಪಕ್ಕ ಬಟ್ಟೆ ಬದಲಾಯಿಸಿ, ಹತ್ತು ನಿಮಿಷದಲ್ಲಿ ವಾಪಸ್ ಬಿಟ್ಟರು. ನಾನು ಒಪ್ಪಿದ್ದು ಅಲ್ಲೇ.

ಕೇಳಬೇಕಾದ ಪ್ರಶ್ನೆಗಳು:

- ಬಿರುಗಾಳಿ ಬಂದ ದಿನ ಎಲ್ಲಿರುತ್ತೀರಿ? (ಮಳೆಗಿಂತ ಗಾಳಿಯೇ ಅಪಾಯ. ಒಣ ಕೊಂಬೆ ಮುರಿದು ಬೀಳುತ್ತದೆ. ಹವಾಮಾನ ಇಲಾಖೆ ಗಾಳಿಯ ಎಚ್ಚರಿಕೆ ಕೊಟ್ಟರೆ ಕಾಡು ಬಿಟ್ಟು ಬೇರೆ ಕಟ್ಟಡಕ್ಕೆ ಹೋಗಲೇಬೇಕು. ಆ ಕಟ್ಟಡ ಯಾವುದು ಎಂದು ನೋಡಿಕೊಂಡು ಬನ್ನಿ.)
- ಒಬ್ಬರು ಟೀಚರು ರಜೆ ಹಾಕಿದರೆ ಯಾರು ಬರುತ್ತಾರೆ? ಎಷ್ಟು ಸಲ ಇದ್ದಕ್ಕಿದ್ದಂತೆ ಮುಚ್ಚಿದ್ದೀರಿ?
- ಕಾಡಿನಲ್ಲಿ ಫೋನ್ ಸಿಗ್ನಲ್ ಇದೆಯಾ? ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ?
- ಡೈಪರ್ ಇನ್ನೂ ಬಿಡದ ಮಗುವನ್ನು ಸೇರಿಸಿಕೊಳ್ಳುತ್ತೀರಾ?
- ಬೇಲಿ ಇಲ್ಲದ ಜಾಗದಲ್ಲಿ ಮಗು ಎಷ್ಟು ದೂರ ಹೋಗಬಹುದು?

ಕೊನೆಯ ಪ್ರಶ್ನೆಗೆ ಒಳ್ಳೆಯ ಕಡೆ ಸಿಗುವ ಉತ್ತರ ಒಂದೇ: ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು. ದಾರಿಯಲ್ಲಿ ಗುರುತಿನ ಮರಗಳಿರುತ್ತವೆ, ಮುಂದೆ ಓಡಿದ ಮಗು ಅಲ್ಲಿ ನಿಂತು ಕಾಯಬೇಕು. ಮೂರು ವರ್ಷದ ಮಕ್ಕಳು ನಿಲ್ಲುತ್ತಾರಾ ಎಂದು ನನಗೂ ಅನುಮಾನವಿತ್ತು. ನಿಲ್ಲುತ್ತಾರೆ. ಮನೆಯಲ್ಲಿ ನಿಲ್ಲುವುದಿಲ್ಲ, ಅದು ಬೇರೆ ಮಾತು.

ಉಣುಗಿನ ವಿಷಯ, ಸ್ವಲ್ಪ ನಿಧಾನವಾಗಿ ಓದಿ

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಅಲ್ವಾ? ಜರ್ಮನಿಯ ಕಾಡಿನಲ್ಲಿ ಅದೇ ಬಳಗದ ಇನ್ನೊಂದು ವೈರಸ್ ಇದೆ. ಇಲ್ಲಿ ಅದಕ್ಕೆ ಎಫ್‌ಎಸ್‌ಎಂಇ ಎನ್ನುತ್ತಾರೆ. ಮಿದುಳಿಗೆ ಬಾವು ತರುವ ಕಾಯಿಲೆ. ದಕ್ಷಿಣದ ಬಾಡೆನ್-ವುರ್ಟೆಂಬೆರ್ಗ್ ಮತ್ತು ಬವೇರಿಯಾ ಹೆಚ್ಚುಕಡಿಮೆ ಇಡಿಯಾಗಿ ಇದರ ಅಪಾಯದ ಪ್ರದೇಶಗಳು. ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ಸರ್ಕಾರಿ ರಾಬರ್ಟ್ ಕೋಖ್ ಸಂಸ್ಥೆ ಪ್ರತಿವರ್ಷ ನಕ್ಷೆ ಹೊರಡಿಸುತ್ತದೆ, ನಿಮ್ಮ ಜಿಲ್ಲೆ ಅದರಲ್ಲಿದೆಯಾ ನೋಡಿ.

ಇದಕ್ಕೆ ಲಸಿಕೆ ಇದೆ. ಶುರುವಿಗೆ ಮೂರು ಡೋಸ್. ಚಳಿಗಾಲದಲ್ಲೇ ಶುರುಮಾಡಿದರೆ ಉಣುಗು ಏಳುವ ವಸಂತದ ಹೊತ್ತಿಗೆ ಎರಡು ಡೋಸ್ ಮುಗಿದಿರುತ್ತದೆ. ಅಪಾಯದ ಪ್ರದೇಶದಲ್ಲಿದ್ದರೆ ಸರ್ಕಾರಿ ಆರೋಗ್ಯ ವಿಮೆಯೇ ಖರ್ಚು ಭರಿಸುತ್ತದೆ. ಯಾವಾಗ ಹಾಕಿಸಬೇಕೆಂದು ಮಕ್ಕಳ ಡಾಕ್ಟರನ್ನು ಕೇಳಿ, ಆದರೆ ನೀವಾಗಿಯೇ ಕೇಳಿ. "ವಾಲ್ಡ್‌ಕಿಂಡರ್‌ಗಾರ್ಟನ್" ಎಂಬ ಪದ ಬಾಯಿಂದ ಬಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಅದೇ ಉಣುಗಿನಿಂದ ಬರುವ ಇನ್ನೊಂದು ಕಾಯಿಲೆ ಬೊರೆಲಿಯೋಸೆ (ಲೈಮ್ ಕಾಯಿಲೆ). ಇದಕ್ಕೆ ಇಲ್ಲಿ ಹಾಕಿಸುವ ಲಸಿಕೆ ಇಲ್ಲ, ಆದರೆ ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ಇದರ ಬ್ಯಾಕ್ಟೀರಿಯಾ ಮೈಗೆ ಇಳಿಯಲು ಸಾಮಾನ್ಯವಾಗಿ ಅರ್ಧ ದಿನಕ್ಕಿಂತ ಜಾಸ್ತಿ ಬೇಕು. ಅಂದರೆ ಪ್ರತಿ ಸಂಜೆ ಹುಡುಕಿ ತೆಗೆದರೆ ಬಹುಪಾಲು ಗೆದ್ದಂತೆ.

ಹುಡುಕುವುದು ಹೀಗೆ. ಸ್ನಾನಕ್ಕೆ ಮೊದಲು ಬಟ್ಟೆ ಬಿಚ್ಚಿಸಿ, ಬೆಳಕಿನಲ್ಲಿ ನಿಲ್ಲಿಸಿ. ಕೂದಲಿನ ಅಂಚು, ಕಿವಿಯ ಹಿಂದೆ, ಕಂಕುಳು, ಹೊಕ್ಕಳು, ತೊಡೆಸಂದು, ಮಂಡಿಯ ಹಿಂಭಾಗ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ನಮ್ಮ ಮಕ್ಕಳ ದಟ್ಟ ಕಪ್ಪು ಕೂದಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಬೆರಳಾಡಿಸಿಯೇ ನೋಡಬೇಕು. ಸಿಕ್ಕರೆ ಚೂಪು ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನಿಧಾನಕ್ಕೆ ನೇರವಾಗಿ ಎಳೆಯಿರಿ. ಎಣ್ಣೆ, ಸುಣ್ಣ, ಸೀಮೆಎಣ್ಣೆ ಯಾವುದನ್ನೂ ಹಚ್ಚಬೇಡಿ. ನಮ್ಮಜ್ಜಿಯ ಕಾಲದ ಆ ಉಪಾಯ ಇಲ್ಲಿ ಕೆಡುಕೇ, ಉಣುಗು ಸಾಯುವ ಮುನ್ನ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಬಹುದು. ಕಚ್ಚಿದ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ, ಕ್ಯಾಲೆಂಡರಿನಲ್ಲಿ ತಾರೀಕು ಬರೆಯಿರಿ. ಮುಂದಿನ ಕೆಲವು ವಾರಗಳಲ್ಲಿ ಕೆಂಪು ಉಂಗುರ ದೊಡ್ಡದಾಗುತ್ತಾ ಹೋದರೆ ಅಥವಾ ಜ್ವರ, ತಲೆನೋವು ಬಂದರೆ ಡಾಕ್ಟರ ಹತ್ತಿರ ಹೋಗಿ, ಕಚ್ಚಿದ ತಾರೀಕು ಹೇಳಿ.

ಮೂರು ವರ್ಷದಲ್ಲಿ ನಮ್ಮ ಮಗಳಿಗೆ ಒಂಬತ್ತು ಉಣುಗು. ಮೊದಲನೆಯದಕ್ಕೆ ನಾನು ಅತ್ತಿದ್ದೆ. ಒಂಬತ್ತನೆಯದನ್ನು ಫೋನಿನಲ್ಲಿ ಮಾತಾಡುತ್ತಲೇ ತೆಗೆದೆ.

ಬಟ್ಟೆ: ಈರುಳ್ಳಿಯ ಹಾಗೆ

ಇಲ್ಲಿನವರು ಈರುಳ್ಳಿ ಪದ್ಧತಿ ಎನ್ನುತ್ತಾರೆ, ಪದರದ ಮೇಲೆ ಪದರ. ನಾವು ಮಾಡುವ ದೊಡ್ಡ ತಪ್ಪು ಎಂದರೆ ಒಂದು ದಪ್ಪ ಜಾಕೆಟ್ ಕೊಂಡು ಒಳಗೆ ಹತ್ತಿಯ ಬನಿಯನ್ ಹಾಕುವುದು. ಮಗು ಓಡುತ್ತದೆ, ಬೆವರುತ್ತದೆ, ಹತ್ತಿ ಬೆವರು ಹೀರಿ ಒದ್ದೆಯಾಗುತ್ತದೆ. ಆಮೇಲೆ ತಿಂಡಿಗೆ ಕೂತಾಗ ಆ ಒದ್ದೆ ಬಟ್ಟೆಯೇ ಮೈ ಕೊರೆಯುತ್ತದೆ.

ಮೈಗೆ ತಾಗುವುದು ಉಣ್ಣೆ ಅಥವಾ ಉಣ್ಣೆ-ರೇಷ್ಮೆ ಬೆರೆತ ತೆಳು ಬಟ್ಟೆ. (ನಮ್ಮಲ್ಲಿ ಕೆಲವು ಕಡೆ ಉಣುಗಿಗೂ ಉಣ್ಣೆ ಎನ್ನುತ್ತಾರೆ. ಅತ್ತೆಗೆ "ದಿನಾ ಉಣ್ಣೆ ಹಾಕ್ತೀನಿ" ಎಂದು ಹೇಳಿ ಆದ ಗೊಂದಲ ಇನ್ನೊಮ್ಮೆ ಬರೆಯುತ್ತೇನೆ.) ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್. ಎಲ್ಲದರ ಮೇಲೆ ನೀರು ಇಳಿಯದ ಜಾಕೆಟ್ ಮತ್ತು ಮಾಚ್‌ಹೋಸೆ, ಅಂದರೆ ಎದೆಯವರೆಗೆ ಬರುವ ಕೆಸರಿನ ಪ್ಯಾಂಟ್. ಮಲೆನಾಡಿನಲ್ಲಿ ನಾಟಿ ಮಾಡುವವರು ಬೆನ್ನಿಗೆ ಗೊರಬು ಹಾಕಿಕೊಂಡು ದಿನವಿಡೀ ಮಳೆಯಲ್ಲಿ ನಿಲ್ಲುತ್ತಿದ್ದರಲ್ಲ, ಲೆಕ್ಕ ಅದೇ. ಇದನ್ನು ಹೇಳಿದ ಮೇಲೆಯೇ ಅತ್ತೆ ಸ್ವಲ್ಪ ತಣ್ಣಗಾದದ್ದು.

ಮಾಚ್‌ಹೋಸೆಯ ಕಾಲು ಬೂಟಿನ ಹೊರಗಿರಬೇಕು, ಕೆಳಗಿನ ಪಟ್ಟಿ ಬೂಟಿನ ಅಡಿಗೆ ಬರಬೇಕು. ಒಳಗೆ ತುರುಕಿದರೆ ನೀರೆಲ್ಲ ನೇರ ಬೂಟಿನೊಳಗೆ.

ಇನ್ನು ಕಾಲುಚೀಲ. ಮೊದಲ ಡಿಸೆಂಬರಿನಲ್ಲಿ ನಾನು ಎರಡು ಜೊತೆ ದಪ್ಪ ಕಾಲುಚೀಲ ಹಾಕಿ ಅದೇ ಅಳತೆಯ ಬೂಟಿಗೆ ಕಾಲು ತುರುಕಿ ಕಳಿಸಿದ್ದೆ. ಮಧ್ಯಾಹ್ನ ಟೀಚರು ಮೆಲ್ಲಗೆ ಕರೆದು, "ಇವಳ ಕಾಲು ತಣ್ಣಗಿತ್ತು, ಒಂದು ಜೊತೆ ತೆಗೆದ ಮೇಲೆ ಬೆಚ್ಚಗಾಯಿತು" ಎಂದರು. ಬೆರಳು ಆಡಿಸಲು ಜಾಗ ಇರಬೇಕು, ಆ ಜಾಗದ ಗಾಳಿಯೇ ಬೆಚ್ಚಗಿಡುವುದು. ಒಂದು ಜೊತೆ ಉಣ್ಣೆಯ ಕಾಲುಚೀಲ, ಒಂದು ಅಳತೆ ದೊಡ್ಡ ಬೂಟು, ಚಳಿಗಾಲಕ್ಕೆ ಒಳಗೆ ಅಸ್ತರಿ ಇರುವುದು. ಬರೀ ರಬ್ಬರ್ ಗಂಬೂಟ್ ಚಳಿಗೆ ಪ್ರಯೋಜನವಿಲ್ಲ.

ಬೆರಳು ಬೆರಳಿನ ಗ್ಲೌಸ್ ಬೇಡ. ನಾಲ್ಕು ಬೆರಳೂ ಒಟ್ಟಿಗಿರುವ ಚೀಲದಂಥದ್ದು ಬೆಚ್ಚಗಿರುತ್ತದೆ, ಮಗು ತಾನೇ ಹಾಕಿಕೊಳ್ಳಬಹುದು. ಎರಡು ಜೊತೆ ಚೀಲದಲ್ಲಿರಲಿ. ಕುತ್ತಿಗೆಗೆ ಉದ್ದ ಮಫ್ಲರ್ ಬೇಡ, ಕೊಂಬೆಗೆ ಸಿಕ್ಕಿಕೊಂಡು ಬಿಗಿಯುತ್ತದೆ. ಕೊಳವೆಯಂಥದ್ದು ಸಾಕು. ಇದೇ ಕಾರಣಕ್ಕೆ ಕತ್ತಿನ ಸರ, ಕಪ್ಪುದಾರ, ತಾಯತ ಎಲ್ಲವೂ ಮನೆಯಲ್ಲಿರಲಿ. ಬಳೆ, ಕಾಲ್ಗೆಜ್ಜೆ ಕೂಡ. ಕಟ್ಟಲೇಬೇಕು ಎಂದು ಮನೆಯ ಹಿರಿಯರು ಹಟ ಹಿಡಿದರೆ ಸಂಜೆ ಕಟ್ಟಿ, ಬೆಳಿಗ್ಗೆ ಬಿಚ್ಚಿ.

ಬೇಸಿಗೆಯಲ್ಲೂ ತುಂಬು ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಮುಳ್ಳಿಗೂ ಉಣುಗಿಗೂ ಅದೇ ಮದ್ದು. ಕಾರಿನಲ್ಲಿ ಬಿಡುವವರು ದಪ್ಪ ಜಾಕೆಟ್ ಬಿಚ್ಚಿ ಬೆಲ್ಟ್ ಹಾಕಿ. ಜಾಕೆಟ್ ಮೇಲೆ ಹಾಕಿದ ಬೆಲ್ಟ್ ಸಡಿಲವಾಗಿರುತ್ತದೆ.

ಎಲ್ಲವನ್ನೂ ಹೊಸದಾಗಿ ಕೊಂಡರೆ ಜೇಬು ಖಾಲಿ. ಮಕ್ಕಳ ಹಳೆ ಸಾಮಾನಿನ ಸಂತೆಗಳು ಪ್ರತಿ ಊರಿನಲ್ಲೂ ವಸಂತ ಮತ್ತು ಶರತ್ಕಾಲದಲ್ಲಿ ನಡೆಯುತ್ತವೆ. ಹಳೆ ಸಾಮಾನು ಮಾರುವ ಕ್ಲೈನ್‌ಆನ್‌ಝೈಗನ್ ಎಂಬ ವೆಬ್‌ಸೈಟಿನಲ್ಲೂ ಸಿಗುತ್ತದೆ. ಬೂಟು ಮಾತ್ರ ಆದಷ್ಟು ಹೊಸದೇ ಕೊಳ್ಳಿ. ಎಲ್ಲದರ ಮೇಲೂ ಹೆಸರು ಬರೆಯಿರಿ.

ಬುತ್ತಿ

ಮೊಸರನ್ನ ಸೊನ್ನೆ ಡಿಗ್ರಿಯಲ್ಲಿ ಐಸ್‌ಕ್ರೀಮ್ ಆಗುತ್ತದೆ, ನೋಡಿದ್ದೇನೆ. ತಣ್ಣಗಿನ ಕೈಯಲ್ಲಿ ಚಮಚ ಹಿಡಿಯುವುದೂ ಕಷ್ಟ. ಚಪಾತಿಗೆ ಪಲ್ಯ ಸುತ್ತಿದ ಸುರುಳಿ, ತುಪ್ಪದ ದೋಸೆ ಮಡಿಕೆ, ಕ್ಯಾರೆಟ್ ತುಂಡು, ಇವೆಲ್ಲ ಗ್ಲೌಸ್ ಕೈಯಲ್ಲೇ ತಿನ್ನಬಹುದು. ತೀರಾ ಚಳಿಯಿದ್ದಾಗ ಬಾಯಿ ಅಗಲದ ಫ್ಲಾಸ್ಕಿನಲ್ಲಿ ಬಿಸಿ ಬೇಳೆ ಅನ್ನ. ಕುಡಿಯಲು ಸಕ್ಕರೆ ಹಾಕದ ಬೆಚ್ಚಗಿನ ಸೋಂಪಿನ ನೀರು. ಆಗಸ್ಟ್, ಸೆಪ್ಟೆಂಬರಿನಲ್ಲಿ ಲಡ್ಡು, ಜಾಮ್, ಜ್ಯೂಸ್ ಕಳಿಸಬೇಡಿ, ಕಣಜದ ಹುಳುಗಳು ಮುತ್ತುತ್ತವೆ.

ಒಂದು ಮುಖ್ಯ ಪರೀಕ್ಷೆ: ಬುತ್ತಿ, ಫ್ಲಾಸ್ಕ್, ಬ್ಯಾಗಿನ ಜಿಪ್ಪು ಮೂರನ್ನೂ ಮಗು ಗ್ಲೌಸ್ ಹಾಕಿಕೊಂಡು ತಾನೇ ತೆಗೆಯಬಲ್ಲದಾ ಎಂದು ಮನೆಯಲ್ಲೇ ನೋಡಿ. ಬ್ಯಾಗಿಗೆ ಎದೆಯ ಮುಂದೆ ಹಾಕುವ ಪಟ್ಟಿ ಇರಲಿ, ಇಲ್ಲದಿದ್ದರೆ ಜಾರುತ್ತಲೇ ಇರುತ್ತದೆ.

ಕಾಡಿನಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಬಾರದು ಎಂಬ ನಿಯಮ ಮೊದಲ ದಿನದಿಂದ ಇರುತ್ತದೆ. ವಿಷದ ಹಣ್ಣು, ಅಣಬೆ ಇವೆ. ನರಿಯ ಮಲದಿಂದ ಹರಡುವ ಲಾಡಿಹುಳುವಿನ ಭಯವೂ ಇದೆ. ಅದು ಬಲು ಅಪರೂಪ, ಆದರೆ ಕೈ ತೊಳೆಯದೆ ತಿನ್ನುವ ಹಾಗಿಲ್ಲ. ಊರಿಗೆ ಹೋದಾಗ ಕವಳಿ ಹಣ್ಣು ಕಿತ್ತು ಕೊಟ್ಟರೆ ಮಗಳು "ತೊಳೆದಿದ್ದೀರಾ?" ಎಂದು ಅಜ್ಜನನ್ನೇ ಕೇಳಿದಳು.

ಒಂದಕ್ಕೆ, ಎರಡಕ್ಕೆ

ಎಲ್ಲರೂ ಕೇಳಲು ನಾಚುವ ಪ್ರಶ್ನೆ. ಒಂದು ನಿಗದಿಯಾದ ಜಾಗ ಇರುತ್ತದೆ, ಕೆಲವು ಕಡೆ ಮರದ ಹೊಟ್ಟು ಹಾಕುವ ಒಣ ಪಾಯಿಖಾನೆ. ಟೀಚರು ಜೊತೆಗೆ ಬರುತ್ತಾರೆ, ಡಬ್ಬದಲ್ಲಿ ನೀರು ಒಯ್ದು ಕೈ ತೊಳೆಸುತ್ತಾರೆ. ಹಿಂಭಾಗಕ್ಕೆ ಮಾತ್ರ ಕಾಗದ. ನೀರೇ ಅಭ್ಯಾಸವಾದ ಮಗುವಿಗೆ ಇದು ಕಿರಿಕಿರಿ. ಒದ್ದೆ ಟಿಶ್ಯೂ ಪ್ಯಾಕೆಟ್ ಮತ್ತು ಬಳಸಿದ್ದನ್ನು ವಾಪಸ್ ತರುವ ಕವರು ಬ್ಯಾಗಿನಲ್ಲಿಡಿ. ಮಾಚ್‌ಹೋಸೆ ಇಳಿಸುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ, ಅವಸರದಲ್ಲಿ ಎರಡು ಭುಜದ ಪಟ್ಟಿ ಬಿಚ್ಚುವುದು ದೊಡ್ಡ ಕೆಲಸ.

ಮೊದಲ ವಾರಗಳು

ಐನ್‌ಗೆವೋನುಂಗ್ ಎಂಬ ಒಗ್ಗಿಸುವ ಅವಧಿಯಲ್ಲಿ ಅಪ್ಪ ಅಥವಾ ಅಮ್ಮ ಜೊತೆಗೇ ಇರಬೇಕು. ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಆಫೀಸಿಗೆ ಮೊದಲೇ ಹೇಳಿಡಿ. ನಿಮಗೂ ಒಳ್ಳೆಯ ಬೂಟು ಬೇಕು, ನಾನು ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿ ಅನುಭವಿಸಿದ್ದೇನೆ.

ಮಗುವಿಗೆ ಜರ್ಮನ್ ಬರದಿದ್ದರೂ ಪರವಾಗಿಲ್ಲ, ಆದರೆ ನಾಲ್ಕು ಮಾತು ಬಾಯಿಪಾಠ ಆಗಲಿ. "ಇಷ್ ಮುಸ್ ಪಿಪಿ", ಒಂದಕ್ಕೆ ಹೋಗಬೇಕು. "ಮಿಯರ್ ಇಸ್ಟ್ ಕಾಲ್ಟ್", ನನಗೆ ಚಳಿ. "ಹಿಲ್ಫೆ", ಸಹಾಯ ಮಾಡಿ. "ಶ್ಟಾಪ್", ಸಾಕು ನಿಲ್ಲಿಸು. ಕನ್ನಡದ ಕೆಲವು ಪದಗಳನ್ನು ಟೀಚರಿಗೂ ಬರೆದು ಕೊಡಿ. ನಮ್ಮ ಟೀಚರು "ಬಾ", "ಬೇಡ", "ಅಮ್ಮ ಬರ್ತಾರೆ" ಮೂರನ್ನು ಕಲಿತಿದ್ದರು. ಮೂರನೆಯದು ಬಹಳ ಕೆಲಸ ಮಾಡಿತು.

ಚಾಕು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಾಗಬೇಡಿ. ಸ್ವಲ್ಪ ದೊಡ್ಡ ಮಕ್ಕಳು ಕೋಲು ಕೆತ್ತುತ್ತಾರೆ. ಕೂತೇ ಕೆತ್ತಬೇಕು, ಮೈಯಿಂದ ಹೊರಕ್ಕೆ ಕೆತ್ತಬೇಕು, ಪಕ್ಕದವರಿಂದ ಒಂದು ತೋಳು ದೂರ, ಟೀಚರು ಎದುರಿಗಿರಬೇಕು.

ಚಳಿಗಾಲ, ನೆಗಡಿ

ಚಳಿಯಿಂದಲೇ ನೆಗಡಿ ಬರುವುದಿಲ್ಲ, ವೈರಸ್‌ನಿಂದ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಸುಲಭವಾಗಿ ಹರಡುತ್ತದೆ. ಹಾಗಂತ ಕಾಡಿನ ಮಗುವಿಗೆ ಮೂಗು ಸೋರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜ್ವರ, ಕಿವಿನೋವು, ವಾಂತಿ ಇದ್ದರೆ ಮನೆಯಲ್ಲಿರಲಿ. ಅರೆಮನಸ್ಸಿನಿಂದ ಕಳಿಸಲು ಇಲ್ಲಿ ಆಗುವುದಿಲ್ಲ, ಮಲಗಿಸಲು ಹಾಸಿಗೆ ಇಲ್ಲ.

ಇನ್ನೊಂದು ಮಾತು ನಮ್ಮ ಬಣ್ಣದ ಮಕ್ಕಳಿಗೆ. ಜರ್ಮನಿಯ ಚಳಿಗಾಲದ ಬಿಸಿಲಿನಿಂದ ಯಾರ ಚರ್ಮವೂ ಸಾಕಷ್ಟು ವಿಟಮಿನ್ ಡಿ ಮಾಡಿಕೊಳ್ಳುವುದಿಲ್ಲ, ಕಪ್ಪು ಚರ್ಮಕ್ಕೆ ಇನ್ನೂ ಕಷ್ಟ. ದಿನವಿಡೀ ಹೊರಗಿರುತ್ತಾಳಲ್ಲ ಎಂದು ಸುಮ್ನೆ ಇರಬೇಡಿ, ಡಾಕ್ಟರನ್ನು ಕೇಳಿ.

"ಎಬಿಸಿಡಿ ಯಾವಾಗ ಕಲಿಸ್ತಾರೆ?"

ಕಲಿಸುವುದಿಲ್ಲ. ಇಲ್ಲಿನ ಮಾಮೂಲಿ ಕಿಂಡರ್‌ಗಾರ್ಟನ್‌ಗಳಲ್ಲೂ ಓದು ಬರಹ ಪಾಠದ ಹಾಗೆ ನಡೆಯುವುದಿಲ್ಲ, ಅದು ಆರು ವರ್ಷಕ್ಕೆ ಶಾಲೆಯಲ್ಲಿ. ಕಾಡಿನ ಮಕ್ಕಳು ಒಂದನೇ ಕ್ಲಾಸಿನಲ್ಲಿ ಹೇಗಿರುತ್ತಾರೆ ಎಂದು ಪೀಟರ್ ಹೆಫ್ನರ್ ಎಂಬವರು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಒಂದು ಅಧ್ಯಯನ ಮಾಡಿದ್ದರು. ಶಾಲೆಯ ಟೀಚರುಗಳ ಕಣ್ಣಲ್ಲಿ ಈ ಮಕ್ಕಳು ಕ್ಲಾಸಿನಲ್ಲಿ ಗಮನ ಕೊಡುವುದು, ಬೆರೆಯುವುದು ಇಂಥ ವಿಷಯಗಳಲ್ಲಿ ಮುಂದಿದ್ದರು. ಆದರೂ ಇಂಥ ಶಾಲೆ ಆರಿಸುವ ಮನೆಗಳೇ ಬೇರೆ ಥರ ಇರಬಹುದಲ್ಲ, ಎಲ್ಲವನ್ನೂ ಕಾಡಿನ ಲೆಕ್ಕಕ್ಕೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದೆರಡು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗುವವರು ಮಾತ್ರ ಎರಡು ಸಲ ಯೋಚಿಸಿ. ಅಲ್ಲಿ ಒಂದನೇ ಕ್ಲಾಸಿಗೆ ಹೋಗುವಷ್ಟರಲ್ಲಿ ಬರೆಯಲು ಬರಬೇಕು ಎಂದು ಬಹಳ ಶಾಲೆಗಳು ಬಯಸುತ್ತವೆ. ನಾವು ಕನ್ನಡ ಅಕ್ಷರವನ್ನು ಸಂಜೆ ಹೊತ್ತು ಮನೆಯಲ್ಲಿ ಕಲಿಸಿದೆವು. ಅಕ್ಕಿಯಲ್ಲಿ ಬರೆಸುವ ಬದಲು ಕೆಸರಿನಲ್ಲಿ ಕೋಲಿನಿಂದ. "ಅ" ಬರೆಯಲು ಒಂದು ತಿಂಗಳು, "ಈ" ಬರೆಯಲು ಇನ್ನೊಂದು.

ಆಸ್ತಮಾ ಅಥವಾ ಜೋರು ಅಲರ್ಜಿ ಇರುವ ಮಗುವಾದರೆ ಡಾಕ್ಟರ ಜೊತೆ ಮೊದಲು ಮಾತಾಡಿ. ಶಬ್ದಕ್ಕೆ, ಗದ್ದಲಕ್ಕೆ ಬೇಗ ಸುಸ್ತಾಗುವ ಮಗುವಿಗೆ ಕಾಡು ಬಹಳ ಹಿತ. ಕೈಗೆ ಮಣ್ಣು ತಾಗಿದರೆ ಅಳುವ ಮಗುವಿಗೆ ಸಮಯ ಬೇಕು, ಕೆಲವೊಮ್ಮೆ ಒಗ್ಗುವುದೇ ಇಲ್ಲ. ಒಂದು ಪೂರ್ತಿ ಚಳಿಗಾಲ ಕಳೆದ ಮೇಲೂ ಬೆಳಿಗ್ಗೆ ಅಳುತ್ತಿದ್ದರೆ ಬಿಡಿಸಿ.

ಕೊನೆಗೆ ಮನೆಯ ಬಾಗಿಲ ಹತ್ತಿರ ಒಂದು ಅಗಲದ ಪ್ಲಾಸ್ಟಿಕ್ ಟಬ್ ಇಡಿ. ಬೂಟು, ಮಾಚ್‌ಹೋಸೆ, ಜಾಕೆಟ್ ಎಲ್ಲ ಅದರೊಳಗೇ ಬಿಚ್ಚಲಿ. ಮಾಚ್‌ಹೋಸೆಯನ್ನು ದಿನಾ ತೊಳೆಯಬೇಡಿ, ನೀರು ತಡೆಯುವ ಗುಣ ಹೋಗುತ್ತದೆ. ಒಣಗಿದ ಮೇಲೆ ಬಾಲ್ಕನಿಯಲ್ಲಿ ಕೊಡವಿದರೆ ಕೆಸರು ತಾನಾಗಿ ಉದುರುತ್ತದೆ. ಒಗೆಯಲು ಹಾಕುವ ದಿನ ಜೇಬು ನೋಡಿ. ನಮ್ಮ ಮಿಷನ್ನಿನ ಫಿಲ್ಟರಿನಿಂದ ಒಮ್ಮೆ ಹದಿಮೂರು ಕಲ್ಲು ತೆಗೆದಿದ್ದೇವೆ.